ಫೀ ಎಷ್ಟು ಅಂತ ಕೇಳುವ ಮೊದಲು...

ಪಿಯುಸಿ ರಿಸಲ್ಟ್ ಬಂದರೆ ಸಾಕು, ಮನೆಯ ಫೋನಿಗೆ ಪುರಸೊತ್ತೇ ಇರುವುದಿಲ್ಲ. ಬೈಲಹೊಂಗಲವಿರಲಿ, ರಾಮದುರ್ಗವಿರಲಿ, ಎಲ್ಲಿಂದಲೋ ನಂಬರ್ ಹುಡುಕಿಕೊಂಡು ಯಾರೋ ಕರೆ ಮಾಡುತ್ತಾರೆ. ‘ಅಕ್ಕಾರ, ನಿಮ್ಮ ಮಗಳಿಗೆ ಕಂಪ್ಯೂಟರ್ ಸೈನ್ಸ್ ಸೀಟ್ ಐತ್ರಿ. ಇನ್ನ ಎರಡ ಉಳದಾವು. ಇವತ್ತ ಐವತ್ತ ಸಾವಿರ ಕಟ್ಟಿಬಿಟ್ರ ಸೀಟ್ ನಿಮ್ದ’ ಅಂತ ಬೆಣ್ಣೆಯಂಥ ಮಾತು. ನೀವು ‘ಫೀ ಎಷ್ಟ್ರಿ?’ ಅಂತೀರಿ. ಅವರು ‘ವರ್ಷಕ್ಕ ಬರೇ ಎರಡ ಲಕ್ಷ್ರೀ’ ಅಂತಾರೆ. ಅಲ್ಲಿಗೆ ಮನೆಯಲ್ಲಿ ಲೆಕ್ಕ ಶುರುವಾಗುತ್ತದೆ. ಪಾಟ್ಲಿ, ಬಿಲ್ವಾರ ಎಷ್ಟು ತೂಕ ಇವೆ, ಹೊಳೆಯ ದಂಡೆಯ ಎರಡು ಎಕರೆಗೆ ಈಗ ಎಷ್ಟು ಬರಬಹುದು, ಇಲ್ಲವೇ, ‘ಹೆಣ್ಣ ಹುಡುಗಿಗೆ ಅಷ್ಟ ಯಾಕ? ಇಲ್ಲೇ ಬಿ.ಎ. ಮಾಡ್ಲಿ ಬಿಡು’.

ಆ ಕೊನೆಯ ಮಾತು ಬಂದಾಗ ತಾಯಂದಿರು ಒಂದು ನಿಮಿಷ ತಡೆಯಬೇಕು. ಖಾಸಗಿ ವಿಶ್ವವಿದ್ಯಾಲಯದ ಖರ್ಚು ಎಲ್ಲರಿಗೂ ಒಂದೇ ಅಲ್ಲ. ಅದೇ ಕ್ಲಾಸಿನಲ್ಲಿ, ಅದೇ ಬೆಂಚಿನಲ್ಲಿ ಕುಳಿತ ಇಬ್ಬರು ಹುಡುಗಿಯರಲ್ಲಿ ಒಬ್ಬಳು ಇನ್ನೊಬ್ಬಳ ಕಾಲು ಭಾಗವನ್ನಷ್ಟೇ ಕಟ್ಟಿರಬಹುದು. ಅವಳು ಯಾವ ಬಾಗಿಲಿನಿಂದ ಒಳಗೆ ಹೋದಳು ಎಂಬುದರ ಮೇಲೆ ಅದು ನಿಂತಿದೆ. ಹಾಗಾಗಿ ಫೀ ಎಷ್ಟು ಅಂತ ಕೇಳುವ ಮೊದಲು ‘ಇದು ಯಾವ ಸೀಟು?’ ಅಂತ ಕೇಳಿ.

ಯಾವ ಬಾಗಿಲು, ಎಷ್ಟು ದುಡ್ಡು?

ನಮ್ಮ ಭಾಗದವರಿಗೆ ಓದಲು ಹತ್ತಿರದ ಊರುಗಳೆಂದರೆ ಬೆಳಗಾವಿ, ಧಾರವಾಡ, ಹುಬ್ಬಳ್ಳಿ. ಅಲ್ಲಿರುವುದೆಲ್ಲ ಒಂದೇ ಬಗೆಯ ಸಂಸ್ಥೆಗಳಲ್ಲ. ಬೆಳಗಾವಿಯ ಕೆಎಲ್‌ಇ ಅಕಾಡೆಮಿ 2006ರಿಂದ ಡೀಮ್ಡ್ ವಿಶ್ವವಿದ್ಯಾಲಯ. 1947ರಲ್ಲಿ ಆರಂಭವಾದ ಹುಬ್ಬಳ್ಳಿಯ ಬಿ.ವಿ. ಭೂಮರಡ್ಡಿ ಕಾಲೇಜೇ ಈಗ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಗಿದೆ. ಧಾರವಾಡದ ಎಸ್‌ಡಿಎಂ ವಿಶ್ವವಿದ್ಯಾಲಯ 2018ರದ್ದು. ಈ ಎರಡೂ ರಾಜ್ಯದ ಕಾಯ್ದೆಯಡಿ ಹುಟ್ಟಿದ ಖಾಸಗಿ ವಿಶ್ವವಿದ್ಯಾಲಯಗಳು. ಇವಲ್ಲದೆ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ (ವಿಟಿಯು) ಸೇರಿದ ಖಾಸಗಿ ಕಾಲೇಜುಗಳು ಬೇರೆ. ಬೋರ್ಡು ನೋಡಿದರೆ ಎಲ್ಲ ಒಂದೇ ಥರ ಕಾಣುತ್ತವೆ. ಆದರೆ ಫೀ ನಿಗದಿ ಮಾಡುವ ಕೈ ಬೇರೆ ಬೇರೆ.

ಎಂಜಿನಿಯರಿಂಗ್‌ನ ಮಾತು ತೆಗೆದುಕೊಳ್ಳಿ. ಖಾಸಗಿ ಕಾಲೇಜಿನ ಸೀಟುಗಳಲ್ಲಿ ಒಂದು ದೊಡ್ಡ ಪಾಲು ಸರ್ಕಾರದ ಕೋಟಾದ್ದು. ಅದನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಸಿಇಟಿ ರ‍್ಯಾಂಕ್ ನೋಡಿ ಹಂಚುತ್ತದೆ. ಇನ್ನೊಂದು ಪಾಲು ಕಾಮೆಡ್-ಕೆ ಪರೀಕ್ಷೆಯ ಮೂಲಕ. ಉಳಿದದ್ದು ಮ್ಯಾನೇಜ್‌ಮೆಂಟ್ ಸೀಟು. ಖಾಸಗಿ ವಿಶ್ವವಿದ್ಯಾಲಯಗಳೂ ತಮ್ಮ ಸೀಟುಗಳಲ್ಲಿ ಒಂದಷ್ಟನ್ನು ಸಿಇಟಿ ಮೂಲಕ ಕೊಡುತ್ತವೆ. ಇದು ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ‘ಯೂನಿವರ್ಸಿಟಿ ಅಂದ್ರ ಪೂರಾ ಡೊನೇಶನ್ನಲ್ಲೇನ್ರಿ?’ ಅಂತ ಸವದತ್ತಿಯ ಗೆಳತಿಯೊಬ್ಬರು ನನ್ನನ್ನು ಕೇಳಿದ್ದರು. ಅಲ್ಲ. ಸಿಇಟಿ ಅರ್ಜಿಯನ್ನೇ ಹಾಕದೆ ನೇರವಾಗಿ ಹೋಗಿ ರೊಕ್ಕ ಕಟ್ಟಿದವರಿಗೆ ಮಾತ್ರ ಅದು ಹಾಗೆ ಕಾಣುತ್ತದೆ. ವೈದ್ಯಕೀಯದ ಲೆಕ್ಕವೇ ಬೇರೆ. ಅಲ್ಲಿ ನೀಟ್ ಬೇಕೇ ಬೇಕು, ಡೀಮ್ಡ್ ವಿಶ್ವವಿದ್ಯಾಲಯದ ಸೀಟುಗಳು ಅಖಿಲ ಭಾರತ ಕೌನ್ಸೆಲಿಂಗ್‌ನಲ್ಲಿ ಹಂಚಿಕೆಯಾಗುತ್ತವೆ.

ಸಿಇಟಿಯಲ್ಲೂ ನಮ್ಮ ಹಳ್ಳಿಯ ಮಕ್ಕಳಿಗೆ ಎರಡು ದಾರಿಗಳಿವೆ. 1ರಿಂದ 10ನೇ ತರಗತಿವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿದವರಿಗೆ ಶೇ 15 ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5. ಪೂರ್ತಿ ಹತ್ತು ವರ್ಷ ಇರಬೇಕು. ಎಂಟನೇ ಕ್ಲಾಸಿಗೆಂದು ಮಗುವನ್ನು ಪೇಟೆಯ ಶಾಲೆಗೆ ಹಾಕಿದರೆ ಗ್ರಾಮೀಣ ಕೋಟಾ ಹೋಯಿತು. ಈಗಿನ್ನೂ ಏಳನೇ ಕ್ಲಾಸಿನಲ್ಲಿ ಮಗಳಿರುವ ತಾಯಂದಿರು ಇದನ್ನು ಗಂಟು ಹಾಕಿಟ್ಟುಕೊಳ್ಳಿ. ಅಂದಹಾಗೆ 371(ಜೆ) ಮೀಸಲಾತಿ ನಮಗೂ ಬರುತ್ತದಾ ಎಂದು ಬಹಳ ಜನ ಕೇಳುತ್ತಾರೆ. ಬರುವುದಿಲ್ಲ. ಅದು ಕಲಬುರಗಿ, ರಾಯಚೂರು, ಕೊಪ್ಪಳದಂಥ ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳಿಗೆ. ಬೆಳಗಾವಿ ಜಿಲ್ಲೆ ಅದರಲ್ಲಿಲ್ಲ.

ಇನ್ನೊಂದು ಬಾಗಿಲಿನ ಹೆಸರು ಎಸ್‌ಎನ್‌ಕ್ಯೂ. ಎಐಸಿಟಿಇ ಮಾನ್ಯತೆಯ ಕಾಲೇಜುಗಳಲ್ಲಿ ಮಂಜೂರಾದ ಸೀಟುಗಳ ಮೇಲೆ ಹೆಚ್ಚುವರಿಯಾಗಿ ಶೇ 5 ಸೀಟುಗಳಿರುತ್ತವೆ. ತಂದೆ-ತಾಯಿಯ ವರ್ಷದ ಆದಾಯ 8 ಲಕ್ಷ ರೂಪಾಯಿ ಒಳಗಿದ್ದರೆ, ರ‍್ಯಾಂಕಿನ ಪ್ರಕಾರ ಸಿಕ್ಕರೆ, ಬೋಧನಾ ಶುಲ್ಕ ಪೂರ್ತಿ ಮಾಫಿ. ಉಳಿದ ಶುಲ್ಕಗಳನ್ನಷ್ಟೇ ಕಟ್ಟಬೇಕು. ಸಿಇಟಿ ಅರ್ಜಿ ತುಂಬುವಾಗಲೇ ಇದು ಬೇಕೆಂದು ತಿಳಿಸಿರಬೇಕು. ಆಮೇಲೆ ನೆನಪಾದರೆ ಪ್ರಯೋಜನವಿಲ್ಲ. ಅರ್ಜಿಯನ್ನು ಸೈಬರ್ ಕೆಫೆಯ ಹುಡುಗನ ಕೈಗೆ ಕೊಟ್ಟು ನಾವು ಸಂತೆ ಮಾಡಿಕೊಂಡು ಬರೋಣ ಅಂತ ಹೋಗಬೇಡಿ. ಪಕ್ಕದಲ್ಲೇ ಕುಳಿತು ಒಂದೊಂದು ಕಾಲಮ್ಮನ್ನೂ ಓದಿಸಿಕೊಳ್ಳಿ.

ಮ್ಯಾನೇಜ್‌ಮೆಂಟ್ ಸೀಟಿನ ಬಗ್ಗೆ ಒಂದು ಕಟು ಮಾತು ಹೇಳಲೇಬೇಕು. ಆ ಬಾಗಿಲಿನಿಂದ ಹೋದರೆ ಫೀ ಹೆಚ್ಚು ಎನ್ನುವುದಷ್ಟೇ ಅಲ್ಲ, ಸರ್ಕಾರದ ಸಹಾಯದ ಬಹುತೇಕ ದಾರಿಗಳು ಹಿಂದಿನಿಂದ ಮುಚ್ಚಿಕೊಳ್ಳುತ್ತವೆ. ಶುಲ್ಕ ಮರುಪಾವತಿ ಇಲ್ಲ, ನಿಗಮದ ಅರಿವು ಸಾಲ ಇಲ್ಲ, ಬ್ಯಾಂಕ್ ಮ್ಯಾನೇಜರ್ ಕೂಡ ಮುಖ ಗಂಟಿಕ್ಕುತ್ತಾರೆ. ರಸೀದಿ ಕೊಡದೆ ಕೈಯಲ್ಲಿ ತೆಗೆದುಕೊಳ್ಳುವ ಡೊನೇಶನ್ ಅಂತೂ ಕಾನೂನಿಗೇ ವಿರುದ್ಧ. ಕ್ಯಾಪಿಟೇಶನ್ ಶುಲ್ಕ ನಿಷೇಧಿಸಿ ಕರ್ನಾಟಕ ಕಾಯ್ದೆ ಮಾಡಿದ್ದು 1984ರಲ್ಲೇ. 1992ರಲ್ಲಿ ನಮ್ಮ ರಾಜ್ಯದ ಕಾಲೇಜಿನದೇ ಆದ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ತಪ್ಪು ಎಂದಿತು. ರಸೀದಿ ಇಲ್ಲದ ರೊಕ್ಕಕ್ಕೆ ಬ್ಯಾಂಕಿನ ಸಾಲವೂ ಇಲ್ಲ, ಸೀಟು ಬಿಟ್ಟರೆ ವಾಪಸೂ ಇಲ್ಲ.

ಎರಡು ಲಕ್ಷ ಅಂದರೆ ನಿಜವಾಗಿ ಎಷ್ಟು?

ಹಾಲಿನ ಲೆಕ್ಕ ಬರೆಯುವ ನೋಟ್‌ಬುಕ್ಕಿನ ಹಿಂದಿನ ಪುಟ ತೆಗೆಯಿರಿ. ಇದು ಯಾವ ಕಾಲೇಜಿನ ಫೀಯೂ ಅಲ್ಲ, ತಿಳಿಯಲೆಂದು ನಾನೇ ಇಟ್ಟುಕೊಂಡ ಅಂಕಿ. ಮೊದಲ ವರ್ಷದ ಬೋಧನಾ ಶುಲ್ಕ 2 ಲಕ್ಷ. ನಾಲ್ಕು ವರ್ಷಕ್ಕೆ 8 ಲಕ್ಷ ಅಂದುಕೊಳ್ಳುತ್ತೇವೆ, ಅಲ್ಲವೇ? ಆದರೆ ವರ್ಷಕ್ಕೆ ಶೇ 8 ಏರುತ್ತದೆ ಅಂತ ಫೀ ಪತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದರೆ ಅದು 9 ಲಕ್ಷ ದಾಟುತ್ತದೆ. ಒಂದು ಲಕ್ಷ ಅಲ್ಲೇ ಹೋಯಿತು. ಹಾಸ್ಟೆಲ್ಲು, ಮೆಸ್ಸು ಸೇರಿ ವರ್ಷಕ್ಕೆ ಒಂದು ಲಕ್ಷ ಹಿಡಿದರೆ 4 ಲಕ್ಷ. ಪರೀಕ್ಷಾ ಶುಲ್ಕ, ಪುಸ್ತಕ, ಲ್ಯಾಪ್‌ಟಾಪ್, ಯೂನಿಫಾರ್ಮ್, ಪ್ರಾಜೆಕ್ಟು, ಹಬ್ಬಕ್ಕೆ ಬಂದು ಹೋಗುವ ಖರ್ಚು, ಮೊಬೈಲ್ ರೀಚಾರ್ಜು... ಇದಕ್ಕೆಲ್ಲ ವರ್ಷಕ್ಕೆ 40 ಸಾವಿರದಂತೆ 1 ಲಕ್ಷ 60 ಸಾವಿರ. ಒಟ್ಟು ಹದಿನಾಲ್ಕೂವರೆ ಲಕ್ಷಕ್ಕಿಂತ ಮೇಲೆ. ‘ಬರೇ ಎರಡ ಲಕ್ಷ್ರೀ’ ಅಂದದ್ದು ಎಲ್ಲಿಗೆ ಬಂತು ನೋಡಿ.

ಗಾಬರಿಯಾಗಬೇಡಿ, ಈಗ ಕಳೆಯುವ ಲೆಕ್ಕ ಮಾಡೋಣ. ಮೊದಲು ಹಾಸ್ಟೆಲ್. ಕಿತ್ತೂರಿನಿಂದ ಧಾರವಾಡ ಹೆದ್ದಾರಿಯಲ್ಲಿ ಒಂದು ಗಂಟೆಯ ದಾರಿಯೂ ಅಲ್ಲ. ಬೈಲಹೊಂಗಲದಿಂದ ಬೆಳಗಾವಿಗೆ, ಸವದತ್ತಿಯಿಂದ ಧಾರವಾಡಕ್ಕೆ ದಿನಾ ಓಡಾಡುವವರು ಮೊದಲಿನಿಂದಲೂ ಇದ್ದಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಅಂದರೆ ಡಬ್ಬಿ ಕಟ್ಟಿ ಕಳಿಸುವ ತಾಯಿ, ಬೆಳಿಗ್ಗೆ ಬೇಗ ಏಳುವ ಮಗಳು ಇಬ್ಬರೂ ಸೇರಿ ನಾಲ್ಕು ಲಕ್ಷ ಉಳಿಸಿದಂತಾಯಿತು. ಹುಡುಗಿಗೆ ದಣಿವಾಗುತ್ತದೆ, ಅದನ್ನು ಮರೆಯಬಾರದು. ಮೊದಲ ವರ್ಷ ಮನೆಯಿಂದ ಓಡಾಡಲಿ, ಪ್ರಾಜೆಕ್ಟಿನ ಕೊನೆಯ ವರ್ಷ ಹಾಸ್ಟೆಲ್ಲಿನಲ್ಲಿರಲಿ ಅಂತ ಹೊಂದಿಸಬಹುದು. ರಾಮದುರ್ಗದವರಿಗೆ ಈ ಮಾತು ನಡೆಯುವುದಿಲ್ಲ, ದೂರ ಜಾಸ್ತಿ. ಅವರು ಹಿಂದುಳಿದ ವರ್ಗಗಳ ಮತ್ತು ಸಮಾಜ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್ಲಿಗೆ ಮೊದಲೇ ಅರ್ಜಿ ಹಾಕಬೇಕು. ಹಿಂದುಳಿದ ವರ್ಗದ ವಿದ್ಯಾರ್ಥಿಗೆ ಸರ್ಕಾರಿ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಯೋಜನೆಯಲ್ಲಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಊಟ-ವಸತಿಗೆ ಬರುತ್ತದೆ. ಬೆಳಗಾವಿಯ ನಾಗನೂರು ರುದ್ರಾಕ್ಷಿಮಠ, ಧಾರವಾಡದ ಮುರುಘಾಮಠದ ಪ್ರಸಾದ ನಿಲಯಗಳಲ್ಲಿದ್ದು ಓದಿ ದೊಡ್ಡವರಾದ ಗಂಡುಮಕ್ಕಳು ನಮ್ಮ ಊರೂರಿನಲ್ಲೂ ಇದ್ದಾರೆ. ಹೆಣ್ಣುಮಕ್ಕಳಿಗೆ ಅಂಥ ನೆರಳು ಇನ್ನೂ ಬೇಕಾಗಿದೆ.

ಇನ್ನು ಹುಡುಗಿಯರಿಗೆಂದೇ ಇರುವ ಪ್ರಗತಿ ವಿದ್ಯಾರ್ಥಿವೇತನ. ಎಐಸಿಟಿಇ ಕೊಡುವ ಇದು ವರ್ಷಕ್ಕೆ 50 ಸಾವಿರ ರೂಪಾಯಿ. ತಾಂತ್ರಿಕ ಪದವಿ ಅಥವಾ ಡಿಪ್ಲೊಮಾದ ಮೊದಲ ವರ್ಷಕ್ಕೆ ಸೇರಿದವರು ಅರ್ಜಿ ಹಾಕಬೇಕು, ಮನೆಯ ಆದಾಯ 8 ಲಕ್ಷದೊಳಗಿರಬೇಕು. ಒಂದೇ ಮನೆಯ ಇಬ್ಬರು ಹುಡುಗಿಯರವರೆಗೂ ಸಿಗುತ್ತದೆ. ನಾಲ್ಕು ವರ್ಷಕ್ಕೆ ಎರಡು ಲಕ್ಷ. ಈಗ ನಮ್ಮ ನೋಟ್‌ಬುಕ್ಕಿಗೆ ಬನ್ನಿ. ಹಾಸ್ಟೆಲ್ಲಿನ ನಾಲ್ಕು, ಪ್ರಗತಿಯ ಎರಡು ಕಳೆದರೆ ಉಳಿದದ್ದು ಎಂಟೂವರೆ ಲಕ್ಷದ ಆಸುಪಾಸು. ಇದರಲ್ಲಿ ವರ್ಷಕ್ಕೆ 40 ಸಾವಿರದಷ್ಟನ್ನು ಮನೆಯಿಂದ ಹೊಂದಿಸಿ, 7 ಲಕ್ಷಕ್ಕೆ ಬ್ಯಾಂಕಿಗೆ ಹೋದರಾಯಿತು. ಎರಡೆಕರೆ ಮಾರುವ ಮಾತು ಎಲ್ಲಿಯದು?

‘ಸ್ಕಾಲರ್‌ಶಿಪ್ಪಾ? ಅದು ಬಡವರಿಗೆ ಬಿಡ್ರಿ’

ಈ ಮಾತನ್ನು ನಾನು ನೌಕರಿಯಲ್ಲಿರುವವರ ಮನೆಯಲ್ಲೇ ಹೆಚ್ಚು ಕೇಳಿದ್ದೇನೆ. ಅರ್ಜಿ ಹಾಕಿದರೆ ಯಾರಾದರೂ ಏನಾದರೂ ಅಂದುಕೊಂಡಾರು ಎಂಬ ಸಂಕೋಚ. ಆದರೆ ಓದುವವರಿಗೆ ಬೇರೆಯವರು ರೊಕ್ಕ ಕೊಡುವುದು ನಮ್ಮ ನೆಲಕ್ಕೆ ಹೊಸದೇನಲ್ಲ. ಸವದತ್ತಿ ತಾಲ್ಲೂಕಿನ ಶಿರಸಂಗಿಯ ಲಿಂಗರಾಜ ದೇಸಾಯಿಯವರು (1861-1906) ತಮ್ಮ ಆಸ್ತಿಯನ್ನೆಲ್ಲ ತಮ್ಮ ಸಮಾಜದ ಮಕ್ಕಳ ಓದಿಗೆಂದು ಬರೆದಿಟ್ಟು ಹೋದರು. ನವಲಗುಂದ-ಶಿರಸಂಗಿ ಟ್ರಸ್ಟಿನ ಆ ಹಣದಿಂದ ಎಷ್ಟೋ ತಲೆಮಾರಿನ ಹುಡುಗರು ಓದಿದರು. ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಅವರದೇ ಹೆಸರು. ಅವರು ತೀರಿಕೊಂಡ ಹತ್ತು ವರ್ಷಕ್ಕೆ, 1916ರಲ್ಲಿ, ಏಳು ಜನ ಕಟ್ಟಿದ ಸಂಸ್ಥೆಯೇ ಕೆಎಲ್‌ಇ. ಅದೂ ಬೆಳೆದದ್ದು ಕೊಟ್ಟವರ ಕೈಯಿಂದ. ನಮ್ಮ ಅಜ್ಜಂದಿರು ತೆಗೆದುಕೊಳ್ಳಲು ನಾಚಲಿಲ್ಲ, ನಾವ್ಯಾಕೆ ನಾಚಬೇಕು?

ಸರ್ಕಾರದ ವಿದ್ಯಾರ್ಥಿವೇತನಗಳಿಗೆಲ್ಲ ಈಗ ಒಂದೇ ಕಿಟಕಿ, ಎಸ್‌ಎಸ್‌ಪಿ ಅನ್ನುತ್ತಾರೆ. ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಶುಲ್ಕ ಮರುಪಾವತಿ ಇದರಲ್ಲೇ. ನಿಗಮಗಳ ಅರಿವು ಸಾಲದ ಬಗ್ಗೆಯೂ ವಿಚಾರಿಸಿ. ಸಿಇಟಿ, ನೀಟ್ ಮೂಲಕ ಸೀಟು ಪಡೆದವರಿಗೆ ದೇವರಾಜ ಅರಸು ಹಿಂದುಳಿದ ವರ್ಗಗಳ ನಿಗಮ, ಅಲ್ಪಸಂಖ್ಯಾತರ ನಿಗಮಗಳು ಬರೀ ಶೇ 2ರ ದರದಲ್ಲಿ ಓದಿಗೆ ಸಾಲ ಕೊಡುತ್ತವೆ. ವೀರಶೈವ ಲಿಂಗಾಯತ ಅಭಿವೃದ್ಧಿ ನಿಗಮದಲ್ಲಿ ಇದೇ ಬಗೆಯ ಸಾಲಕ್ಕೆ ‘ಬಸವ ಬೆಳಗು’ ಎಂಬ ಹೆಸರಿದೆ. ಬ್ಯಾಂಕಿನ ಶೇ 10ರ ಮುಂದೆ ಇದು ಹೆಚ್ಚುಕಡಿಮೆ ಬಿಟ್ಟಿಯೇ. ಕೂಲಿ, ಗೌಂಡಿ ಕೆಲಸದವರು ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡ್ ಮಾಡಿಸಿದ್ದರೆ ಅವರ ಮಕ್ಕಳಿಗೆ ಅಲ್ಲಿಂದ ಸಹಾಯಧನವಿದೆ. ನಿಮ್ಮ ಮನೆಗೆ ಕೆಲಸಕ್ಕೆ ಬರುವ ಬಾಯಿಗೂ ಇದನ್ನು ಹೇಳಿ, ಅವರ ಯಜಮಾನರ ಹತ್ತಿರ ಕಾರ್ಡ್ ಇದ್ದೀತು.

ಖಾಸಗಿಯವರು ಕೊಡುವುದೂ ಕಡಿಮೆಯಿಲ್ಲ. ಹತ್ತು ಮತ್ತು ಹನ್ನೆರಡನೇ ತರಗತಿಯನ್ನು ಸರ್ಕಾರಿ ಶಾಲೆ-ಕಾಲೇಜಿನಲ್ಲೇ ಓದಿದ ಹುಡುಗಿಯರಿಗೆ ಪದವಿ ಓದಲು ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30 ಸಾವಿರ ಕೊಡುತ್ತದೆ. ಇನ್ಫೊಸಿಸ್ ಫೌಂಡೇಶನ್ 2023ರಲ್ಲಿ ಆರಂಭಿಸಿದ ‘ಸ್ಟೆಮ್ ಸ್ಟಾರ್ಸ್’ನಲ್ಲಿ ವಿಜ್ಞಾನ, ಎಂಜಿನಿಯರಿಂಗ್, ವೈದ್ಯಕೀಯ ಓದುವ ಹುಡುಗಿಯರಿಗೆ ವರ್ಷಕ್ಕೆ 1 ಲಕ್ಷದವರೆಗೂ ಸಿಗುತ್ತದೆ. ರಿಲಯನ್ಸ್ ಫೌಂಡೇಶನ್ ಪದವಿ ವಿದ್ಯಾರ್ಥಿಗಳಿಗೆ ಪೂರ್ತಿ ಕೋರ್ಸಿಗೆ 2 ಲಕ್ಷದವರೆಗೆ ಕೊಡುತ್ತದೆ. ಇದಕ್ಕೆ ಆದಾಯದ ಮಿತಿ 15 ಲಕ್ಷ, ಹಾಗಾಗಿ ಮಧ್ಯಮ ವರ್ಗದವರೂ ಪ್ರಯತ್ನಿಸಬಹುದು. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಬಂದ ಬಡ ಮನೆಯ ಮಕ್ಕಳಿಗೆ ‘ವಿದ್ಯಾಧನ್’ ಪಿಯುಸಿಯಿಂದಲೇ ಕೈ ಹಿಡಿಯುತ್ತದೆ.

ಫೀ ಪಟ್ಟಿ ನೋಡಿಯೇ ಹಿಂದೆ ಸರಿಯಬಾರದು ಅನ್ನುವುದಕ್ಕೆ ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಒಳ್ಳೆಯ ಉದಾಹರಣೆ. ಅದೂ ಖಾಸಗಿಯೇ. ಆದರೆ ಮನೆಯ ಆದಾಯ ನೋಡಿ ಬೋಧನಾ ಶುಲ್ಕ, ಹಾಸ್ಟೆಲ್ ವೆಚ್ಚದಲ್ಲಿ ರಿಯಾಯಿತಿ ಕೊಡುತ್ತಾರೆ, ಪೂರ್ತಿ ಮಾಫಿಯಾದದ್ದೂ ಉಂಟು. ಹಾಗಾಗಿ ಯಾವುದೇ ವಿಶ್ವವಿದ್ಯಾಲಯಕ್ಕೆ ಹೋದರೂ ‘ಮೆರಿಟ್ ಮೇಲೆ ರಿಯಾಯಿತಿ ಎಷ್ಟು? ಆದಾಯದ ಮೇಲೆ ಎಷ್ಟು? ಎರಡನೇ ವರ್ಷ ಅಂಕ ಕಡಿಮೆಯಾದರೆ ಅದು ನಿಲ್ಲುತ್ತದಾ?’ ಅಂತ ಬಾಯಿಬಿಟ್ಟು ಕೇಳಿ. ಮೂರನೇ ಪ್ರಶ್ನೆ ಬಹಳ ಮುಖ್ಯ. ಮೊದಲ ವರ್ಷ ಅರ್ಧ ಫೀ ಎಂದು ಕರೆದು, ಎರಡನೇ ವರ್ಷ ಒಂದು ವಿಷಯ ಉಳಿದರೂ ಪೂರ್ತಿ ಕೇಳುವ ಷರತ್ತು ಇರಬಹುದು.

ಬ್ಯಾಂಕಿನ ಮೆಟ್ಟಿಲು ಹತ್ತುವಾಗ

ಶಿಕ್ಷಣ ಸಾಲದ ನಿಯಮ ಸರಳ. 4 ಲಕ್ಷದವರೆಗೆ ತಂದೆ ಅಥವಾ ತಾಯಿ ಜೊತೆಗೆ ಸಹಿ ಹಾಕಿದರೆ ಸಾಕು, ಯಾವ ಅಡವೂ ಬೇಡ. ಏಳೂವರೆ ಲಕ್ಷದವರೆಗೂ ಮನೆ, ಹೊಲದ ಕಾಗದ ಕೇಳುವುದಿಲ್ಲ. ಅದಕ್ಕೂ ಮೇಲೆ ಹೋದರೆ ಸಾಮಾನ್ಯವಾಗಿ ಆಸ್ತಿಯ ಭದ್ರತೆ ಬೇಕು. ಕಂತು ಶುರುವಾಗುವುದು ಓದು ಮುಗಿದ ಒಂದು ವರ್ಷದ ನಂತರ, ತೀರಿಸಲು 15 ವರ್ಷದವರೆಗೆ ಕಾಲಾವಕಾಶ. ಹುಡುಗಿಯರಿಗೆ ಕೆಲವು ಬ್ಯಾಂಕುಗಳು ಅರ್ಧ ಪರ್ಸೆಂಟ್ ಬಡ್ಡಿ ಕಡಿಮೆ ಮಾಡುತ್ತವೆ, ಕೇಳಿ ನೋಡಿ. ನಮ್ಮ ಕಡೆ ಬಹಳ ಜನರ ಖಾತೆ ವಿಕಾಸ ಗ್ರಾಮೀಣ ಬ್ಯಾಂಕಿನಲ್ಲಿತ್ತು. 2025ರ ಮೇ ತಿಂಗಳಲ್ಲಿ ಅದು ಸೇರಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ. ಅಲ್ಲೂ ವಿಚಾರಿಸಬಹುದು.

ನಮ್ಮ 7 ಲಕ್ಷವನ್ನು ವರ್ಷಕ್ಕೆ ಒಂದೂ ಮುಕ್ಕಾಲು ಲಕ್ಷದಂತೆ ನಾಲ್ಕು ಸಲ ತೆಗೆದುಕೊಂಡಿರಿ, ಬಡ್ಡಿ ಶೇ 10 ಅಂದುಕೊಳ್ಳಿ. ಓದು ಮುಗಿದು ಮತ್ತೊಂದು ವರ್ಷ ಕಳೆಯುವ ಹೊತ್ತಿಗೆ ಬಡ್ಡಿಯೇ 2 ಲಕ್ಷ 45 ಸಾವಿರ ಆಗಿರುತ್ತದೆ. ಅಂದರೆ ಕಂತು ಶುರುವಾಗುವ ದಿನ ಸಾಲ 9 ಲಕ್ಷ 45 ಸಾವಿರ. ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು ಹನ್ನೆರಡೂವರೆ ಸಾವಿರ. ಅದೇ ಓದುವಾಗಲೇ ಬಡ್ಡಿಯನ್ನು ಕಟ್ಟುತ್ತ ಹೋದರೆ ಸಾಲ ಏಳರಲ್ಲೇ ನಿಲ್ಲುತ್ತದೆ, ಕಂತು 9,250ರ ಹತ್ತಿರ. ಮೊದಲ ವರ್ಷ ತಿಂಗಳ ಬಡ್ಡಿ 1,458 ರೂಪಾಯಿ ಮಾತ್ರ. ನಿಮ್ಮ ಖಾತೆಗೆ ಬರುವ ಗೃಹಲಕ್ಷ್ಮಿಯ ಎರಡು ಸಾವಿರದಲ್ಲೇ ಅದು ಮುಗಿಯುತ್ತದೆ! ಎರಡನೇ ವರ್ಷ 2,900ರ ಮೇಲೆ ಹೋಗುತ್ತದೆ, ಆಗ ಸ್ವಲ್ಪ ಸೇರಿಸಬೇಕಾಗುತ್ತದೆ. ಕೊನೆಯ ವರ್ಷ 5,800 ದಾಟುತ್ತದೆ. ಅಷ್ಟಾಗದಿದ್ದರೆ ಆದಷ್ಟು ಕಟ್ಟಿ.

ಈ ಬಡ್ಡಿಯನ್ನು ಸರ್ಕಾರವೇ ಕಟ್ಟುವ ದಾರಿಯೂ ಇದೆ. ಮನೆಯ ಆದಾಯ ವರ್ಷಕ್ಕೆ ನಾಲ್ಕೂವರೆ ಲಕ್ಷದೊಳಗಿದ್ದು ವೃತ್ತಿಪರ ಕೋರ್ಸ್ ಓದುತ್ತಿದ್ದರೆ, ಓದುವ ಅವಧಿ ಮತ್ತು ಮೇಲಿನ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಕಾಲೇಜಿಗೆ ನ್ಯಾಕ್ ಅಥವಾ ಕೋರ್ಸಿಗೆ ಎನ್‌ಬಿಎ ಮಾನ್ಯತೆ ಇರಬೇಕು, 10 ಲಕ್ಷದ ಸಾಲದವರೆಗೆ ಅನ್ವಯ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಇನ್ನೊಂದು ಅನುಕೂಲವಿದೆ. ರಾಷ್ಟ್ರೀಯ ರ‍್ಯಾಂಕಿಂಗ್‌ನಲ್ಲಿ ಮುಂದಿರುವ ಸಂಸ್ಥೆಗೆ ಮೆರಿಟ್ ಮೇಲೆ ಸೇರಿದರೆ ಅಡವು, ಜಾಮೀನು ಎರಡೂ ಇಲ್ಲದೆ ಸಾಲ. ಖಾಸಗಿ ಸಂಸ್ಥೆಯಾದರೆ ಮೊದಲ ನೂರರಲ್ಲಿರಬೇಕು. 8 ಲಕ್ಷದವರೆಗಿನ ಆದಾಯದವರಿಗೆ ಬಡ್ಡಿಯಲ್ಲಿ ಶೇ 3 ರಿಯಾಯಿತಿ. ಪಟ್ಟಿ ವರ್ಷವರ್ಷ ಬದಲಾಗುವುದರಿಂದ ಸೇರುವ ವರ್ಷದ್ದನ್ನೇ ನೋಡಬೇಕು. ಆದರೆ ಒಂದು ಎಚ್ಚರಿಕೆ. ಸರ್ಕಾರದ ಬೇರೆ ವಿದ್ಯಾರ್ಥಿವೇತನ ಪಡೆಯುವವರಿಗೆ ಈ ಶೇ 3 ಸಿಗುವುದಿಲ್ಲ. ಹಾಗಾಗಿ ಪ್ರಗತಿಯ ಎರಡು ಲಕ್ಷ ದೊಡ್ಡದೋ, ಬಡ್ಡಿಯ ಉಳಿತಾಯ ದೊಡ್ಡದೋ ಅಂತ ಮೊದಲೇ ಕೂಡಿ-ಕಳೆದು ನೋಡಿ.

ಬಂಗಾರ ಅಡವಿಟ್ಟು ಫೀ ಕಟ್ಟುವುದು ನಮ್ಮಲ್ಲಿ ಸುಲಭದ ದಾರಿ. ಬ್ಯಾಂಕಿಗೆ ಹೋದ ಅರ್ಧ ಗಂಟೆಯಲ್ಲಿ ರೊಕ್ಕ ಕೈಗೆ ಬರುತ್ತದೆ. ಆದರೆ ವರ್ಷ ತುಂಬುವಷ್ಟರಲ್ಲಿ ಬಿಡಿಸಿಕೊಳ್ಳಬೇಕು ಇಲ್ಲವೇ ಬಡ್ಡಿ ಕಟ್ಟಿ ಮತ್ತೆ ಇಡಬೇಕು, ಅಷ್ಟರಲ್ಲಿ ಮುಂದಿನ ವರ್ಷದ ಫೀ ಬಂದಿರುತ್ತದೆ. ಶಿಕ್ಷಣ ಸಾಲ ಐದು ವರ್ಷ ಸುಮ್ಮನಿರುತ್ತದೆ. ಮೊದಲ ಕಂತಿಗೆ ಸಾಲ ಮಂಜೂರಾಗುವುದು ತಡವಾದರೆ ಮಾತ್ರ ಬಂಗಾರದ ಕಡೆ ನೋಡಿ. ವಾರಕ್ಕೊಮ್ಮೆ ಕಂತು ಕೇಳುವ ಸಂಘದ ಸಾಲದಿಂದ ಕಾಲೇಜ್ ಫೀ ಕಟ್ಟುವುದಂತೂ ಬೇಡವೇ ಬೇಡ.

ಟ್ರಂಕಿನಲ್ಲಿರುವ ಬಾಂಡ್ ನೆನಪಿದೆಯೇ?

2006ರ ಮಾರ್ಚ್ ನಂತರ ಹುಟ್ಟಿದ, ಬಿಪಿಎಲ್ ಮನೆಯ ಹೆಣ್ಣುಮಕ್ಕಳಿಗೆ ಆಗ ಭಾಗ್ಯಲಕ್ಷ್ಮಿ ಬಾಂಡ್ ಮಾಡಿಸಿದ್ದರು. ಆ ಹುಡುಗಿಯರು 2024ರಿಂದ ಹದಿನೆಂಟು ತುಂಬುತ್ತಿದ್ದಾರೆ. 2008ರ ಆಗಸ್ಟ್ ನಂತರ ಹುಟ್ಟಿದವರ ಬಾಂಡಿನ ಮೊತ್ತ ಸುಮಾರು ಒಂದು ಲಕ್ಷ. ಅಂಗನವಾಡಿ ಅಕ್ಕಾರನ್ನು ಕೇಳಿ, ಹೆಸರು, ಹುಟ್ಟಿದ ದಿನ ಸರಿಯಿದೆಯೇ ನೋಡಿಸಿಕೊಳ್ಳಿ. ಮಗಳು ಶಾಲೆ ಬಿಟ್ಟಿರಬಾರದು, ಹದಿನೆಂಟಕ್ಕೆ ಮೊದಲು ಮದುವೆ ಮಾಡಿರಬಾರದು ಎಂಬ ಷರತ್ತಿದೆ. ಸುಕನ್ಯಾ ಸಮೃದ್ಧಿ ಖಾತೆ ಇದ್ದರೆ ಹತ್ತನೇ ತರಗತಿ ಪಾಸಾದ ಮೇಲೆ ಅಥವಾ 18 ತುಂಬಿದ ಮೇಲೆ ಓದಿಗೆಂದು ಅರ್ಧದಷ್ಟು ತೆಗೆಯಬಹುದು. ‘ಅದು ಮದುವಿಗೆ ಇಟ್ಟದ್ದ್ರಿ’ ಅಂತ ಬಹಳ ತಾಯಂದಿರು ಹೇಳುತ್ತಾರೆ. ಅಣ್ಣನ ಸೀಟಿಗೆ ಹೊಲ ಮಾರಬಹುದಾದರೆ ತಂಗಿಯ ಓದಿಗೆ ಅವಳದೇ ಹೆಸರಿನ ರೊಕ್ಕ ಮುಟ್ಟಬಾರದೇ? ಮನೆಯಲ್ಲಿ ಈ ಪ್ರಶ್ನೆ ಕೇಳಬೇಕಾದವರು ನೀವೇ.

ಹಾಗಂತ ಎಲ್ಲ ಕೋರ್ಸಿಗೂ ಖಾಸಗಿ ವಿಶ್ವವಿದ್ಯಾಲಯವೇ ಬೇಕು ಅಂತಲ್ಲ. ಬರೀ ಬಿ.ಕಾಂ., ಬಿಬಿಎಗೆ ಲಕ್ಷಗಟ್ಟಲೆ ಕಟ್ಟುವ ಮುಂಚೆ ನಾನಾದರೆ ಎರಡು ಸಲ ಯೋಚಿಸುತ್ತೇನೆ. 2010ರಲ್ಲಿ ಆರಂಭವಾದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ನಮ್ಮ ತಾಲ್ಲೂಕುಗಳಲ್ಲೇ ಸರ್ಕಾರಿ ಪದವಿ ಕಾಲೇಜುಗಳಿವೆ. ಅಲ್ಲಿ ಓದಿಸಿ, ಉಳಿದ ದುಡ್ಡನ್ನು ಎಂ.ಬಿ.ಎ.ಗೋ ಸಿ.ಎ. ಕೋಚಿಂಗ್‌ಗೋ ಇಡಬಹುದು. ಆದರೆ ಆ ನಿರ್ಧಾರ ಕೋರ್ಸ್ ನೋಡಿ ಆಗಲಿ, ಹುಡುಗಿ ಅಂತ ನೋಡಿ ಬೇಡ.

ಕಾಗದಪತ್ರದ ಕೆಲಸ ಈಗಲೇ ಶುರುಮಾಡಿ. ನಾಡಕಚೇರಿಯಿಂದ ಜಾತಿ-ಆದಾಯ ಪ್ರಮಾಣಪತ್ರ ತಂದಿಟ್ಟುಕೊಳ್ಳಿ. ಆದಾಯದ್ದು ಐದು ವರ್ಷಕ್ಕೆ ಮುಗಿಯುತ್ತದೆ, ಎಸ್ಸೆಸ್ಸೆಲ್ಸಿಯಲ್ಲಿ ಮಾಡಿಸಿದ್ದರೆ ದಿನಾಂಕ ನೋಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರೂ ಆಧಾರ್‌ನ ಹೆಸರೂ ಒಂದೇ ಇರಬೇಕು. ಒಂದರಲ್ಲಿ ಅಪ್ಪನ ಹೆಸರು, ಇನ್ನೊಂದರಲ್ಲಿ ಅಡ್ಡಹೆಸರು ಇದ್ದರೆ ವಿದ್ಯಾರ್ಥಿವೇತನ ಅಲ್ಲೇ ನಿಲ್ಲುತ್ತದೆ. ಮಗಳ ಹೆಸರಿನಲ್ಲೇ ಖಾತೆ ತೆರೆದು ಅದಕ್ಕೆ ಆಧಾರ್ ಜೋಡಣೆ ಮಾಡಿಸಿ.

ಕೊನೆಗೆ, ಅವಸರಪಡಿಸುವ ಆ ಫೋನಿನವರಿಗೆ ಏನು ಹೇಳಬೇಕು? ‘ನಾಲ್ಕೂ ವರ್ಷದ ಫೀಯನ್ನು ವಿಶ್ವವಿದ್ಯಾಲಯದ ಲೆಟರ್‌ಹೆಡ್ ಮೇಲೆ ಬರೆದು ಕಳಿಸ್ರಿ’ ಅನ್ನಿ. ಬ್ಯಾಂಕಿಗೂ ಅದೇ ಬೇಕು. ಸಿಇಟಿ ಸೀಟು ಸಿಗುವ ಮೊದಲೇ ಎಲ್ಲಾದರೂ ಕಟ್ಟಿದ್ದರೂ ದಾರಿಯಿದೆ. ಯುಜಿಸಿಯ 2018ರ ನಿಯಮದಂತೆ, ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕಿಂತ ಮೊದಲೇ ಸೀಟು ಬಿಟ್ಟರೆ ಪೂರ್ತಿ ಫೀ ವಾಪಸ್ ಕೊಡಬೇಕು. ತಡವಾದಷ್ಟೂ ಕಡಿಮೆಯಾಗುತ್ತ ಹೋಗಿ, ಕೊನೆಯ ದಿನ ಕಳೆದು ತಿಂಗಳಾದರೆ ಏನೂ ಸಿಗುವುದಿಲ್ಲ. ಮೂಲ ಅಂಕಪಟ್ಟಿಯನ್ನು ಇಟ್ಟುಕೊಂಡು ಸತಾಯಿಸುವಂತೆಯೂ ಇಲ್ಲ, ನೋಡಿ ವಾಪಸ್ ಕೊಡಬೇಕು. ಸೀಟು ಬಿಡುವ ಅರ್ಜಿಯನ್ನು ಬರವಣಿಗೆಯಲ್ಲೇ ಕೊಟ್ಟು, ಒಂದು ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಂಡು ಬನ್ನಿ.